ಮಾಳಿಗೆ ಮನೆಯ ಕಂಬ ಒಳಗೆ ಗಟ್ಟಿ ಇದೆಯಾ? ಅಲ್ಟ್ರಾಸೌಂಡ್ ಡಬ್ಬಿ ಹೇಳಿದ್ದನ್ನು ನಂಬಬಹುದಾ?

ಹೊಳಲ್ಕೆರೆ_ಮಾಳಿಗೆ:
ಎಲ್ಲರಿಗೂ ನಮಸ್ಕಾರ. ಹೊಳಲ್ಕೆರೆ ಹತ್ತಿರದ ಹಳ್ಳಿಯಲ್ಲಿ ನಮ್ಮ ಅಜ್ಜನ ಕಾಲದ ಮಾಳಿಗೆ ಮನೆ ಇದೆ. ಮೇಲೆ ಮಣ್ಣು, ಕೆಳಗೆ ಜಂತಿ, ಅದರ ಕೆಳಗೆ ಎರಡು ದೊಡ್ಡ ತೊಲೆ, ಪಡಸಾಲೆಯಲ್ಲಿ ನಾಲ್ಕು ಕಂಬ. ಕಂಬ ತೇಗದ್ದು ಎಂದು ದೊಡ್ಡಪ್ಪ ಹೇಳುತ್ತಾರೆ. ತೊಲೆ ಹೊನ್ನೆಯೋ ಮತ್ತಿಯೋ ಗೊತ್ತಿಲ್ಲ. ಹೋದ ಮಳೆಗಾಲದಲ್ಲಿ ಒಂದು ಮೂಲೆ ಸೋರಿತು. ಆಮೇಲೆ ಅದೇ ಕಡೆಯ ಕಂಬದ ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆ ಕಾಣಿಸಿತು.

ಗೆದ್ದಲು ಔಷಧಿ ಹೊಡೆಯುವವರನ್ನು ಕರೆಸಿದೆವು. ಬಂದವನು ಒಂದು ಡಬ್ಬಿ ತೆಗೆದು, ಕಂಬದ ಆ ಕಡೆ ಈ ಕಡೆ ಎರಡು ಪ್ರೋಬ್ ಒತ್ತಿ ಹಿಡಿದ. ಸ್ಕ್ರೀನಲ್ಲಿ 151 ಮೈಕ್ರೋಸೆಕೆಂಡ್ ಬಂತು. "ಒಳ್ಳೆ ಮರಕ್ಕೆ 130ರ ಆಸುಪಾಸು ಬರಬೇಕು ಸರ್, ನಿಮ್ಮದು ಒಳಗೆಲ್ಲ ಖಾಲಿ" ಎಂದ. ಕಂಬ ತೆಗೆಸಿ ಕಬ್ಬಿಣದ್ದು ಹಾಕಿಸಿ, ನಮ್ಮವರೇ ಮಾಡಿಕೊಡುತ್ತಾರೆ ಎಂದು ಅಲ್ಲೇ ಕೊಟೇಶನ್ ಬೇರೆ. ತಮ್ಮ ಇದನ್ನೇ ಹಿಡಿದುಕೊಂಡು "ಕೆಡವಿ ಆರ್‌ಸಿಸಿ ಹಾಕಿಬಿಡೋಣ" ಎನ್ನುತ್ತಿದ್ದಾನೆ. ದೊಡ್ಡಪ್ಪ ಮಾತು ಬಿಟ್ಟಿದ್ದಾರೆ.

ಕಂಬ 8 ಇಂಚು ಚೌಕ. ಸದ್ದಿನಿಂದ ಮರದ ಒಳಗು ತಿಳಿಯುವುದು ನಿಜವಾ, ಅಥವಾ ಸುಮ್ನೆ ಟೋಪಿನಾ?

ಮಿರ್ಚಿ_ಮಂಡಕ್ಕಿ:
ಕಂಬಕ್ಕೂ ಸ್ಕ್ಯಾನಿಂಗ್ ಬಂತಾ! ಗಂಡೋ ಹೆಣ್ಣೋ ಕೇಳಬೇಡಿ, ಒಳಗೆ ಹಾಕುತ್ತಾರೆ.

ಬಾಚಿ_ಉಳಿ:
ಹರಿಹರದಿಂದ ಬರೆಯುತ್ತಿದ್ದೇನೆ, ಮನೆತನದ ಕಸುಬು ಮರಗೆಲಸ. ಮೆಷಿನ್ ಯಾಕೆ ಬೇಕು ಯಜಮಾನ್ರೆ? ಸುತ್ತಿಗೆ ತಗೊಂಡು ಬುಡದಿಂದ ಮೇಲಕ್ಕೆ ತಟ್ಟುತ್ತಾ ಹೋಗಿ. ತೆಂಗಿನಕಾಯಿ ತಟ್ಟಿ ಆರಿಸಿದ ಹಾಗೆ, ಕಿವಿಗೇ ಗೊತ್ತಾಗುತ್ತದೆ. ಗಟ್ಟಿ ಇದ್ದರೆ ಠಣ್, ಪೊಳ್ಳಿದ್ದರೆ ಡಬ್. ಅನುಮಾನ ಬಂದ ಕಡೆ ಸಣ್ಣ ಬೈರಿಗೆ ಹಾಕಿ, ಬರುವ ಪುಡಿ ನೋಡಿ. ತೇಗದ ಚೇಗು, ಅಂದರೆ ಒಳಗಿನ ಬಲಿತ ಮರ, ಗಟ್ಟಿ ಇದ್ದರೆ ಪುಡಿ ಒರಟಾಗಿ ಬರುತ್ತದೆ, ಎಣ್ಣೆ ವಾಸನೆ ಇರುತ್ತದೆ. ಲಡ್ಡು ಹಿಡಿದಿದ್ದರೆ, ಅಂದರೆ ಕೊಳೆತಿದ್ದರೆ, ಬೈರಿಗೆ ತಾನೇ ಒಳಗೆ ಜಾರುತ್ತದೆ, ಪುಡಿ ಕಪ್ಪಗೆ ಮೆತ್ತಗೆ ಉದುರುತ್ತದೆ. ಇಷ್ಟಕ್ಕೆ ಕರೆಂಟೂ ಬೇಡ, ಕೊಟೇಶನ್ನೂ ಬೇಡ.

ಸಿಗ್ನಲ್_ಸಿದ್ದ:
ಉಳಿ ಅಣ್ಣ, ತಟ್ಟುವುದೂ ಸದ್ದಿನ ಪರೀಕ್ಷೆಯೇ. ಆದರೆ ಹೊರಗಿನ ಎರಡು ಇಂಚು ಗಟ್ಟಿ ಇದ್ದು ನಡುವೆ ಪೊಳ್ಳಾಗಿದ್ದರೆ ಎಷ್ಟೋ ಸಲ ಕಿವಿಗೆ ಸಿಗುವುದಿಲ್ಲ. ಅಲ್ಲಿಗೆ ಈ ವಿಧಾನ ಬೇಕು.

ನಾನು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಟೆಕ್ ಮಾಡುತ್ತಿದ್ದೇನೆ, ಪ್ರಾಜೆಕ್ಟ್ ಇದೇ ಜಾತಿಯದು. ವಿಷಯ ಹೀಗೆ. 20 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದು ನಮ್ಮ ಕಿವಿಗೆ ಕೇಳುವುದಿಲ್ಲ, ಅದೇ ಅಲ್ಟ್ರಾಸೌಂಡ್. ಒಂದು ಪ್ರೋಬ್ ಸಣ್ಣ ಮಿಡಿತ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಎಷ್ಟು ಹೊತ್ತು ಹಿಡಿಯಿತು ಎಂಬುದೇ ಮೊದಲ ಮಾಹಿತಿ. ಮರದ ಎಳೆಯ ಉದ್ದಕ್ಕೆ ಸದ್ದು ಸೆಕೆಂಡಿಗೆ ಸುಮಾರು 4000 ರಿಂದ 6000 ಮೀಟರ್ ಓಡುತ್ತದೆ. ಅಡ್ಡಕ್ಕೆ 1000 ರಿಂದ 2000 ಅಷ್ಟೇ. ನಿಮ್ಮ ಕಂಬ 20 ಸೆಂಟಿಮೀಟರ್, ಅಡ್ಡಕ್ಕೆ 1500 ಎಂದು ಹಿಡಿದರೆ 133 ಮೈಕ್ರೋಸೆಕೆಂಡ್. ಅವನು 130 ಎಂದದ್ದು ಅದಕ್ಕೇ.

ಒಳಗೆ ಪೊಳ್ಳಿದ್ದರೆ ಸದ್ದು ಅದನ್ನು ದಾಟುವುದಿಲ್ಲ, ಸುತ್ತಿ ಬರುತ್ತದೆ. ನಡುವೆ 10 ಸೆಂಟಿಮೀಟರ್ ದುಂಡನೆ ತೂತಿದ್ದರೆ ದಾರಿ 20 ರ ಬದಲು ಸುಮಾರು 22.5 ಸೆಂಟಿಮೀಟರ್ ಆಗುತ್ತದೆ. ಅಂದರೆ 150 ಮೈಕ್ರೋಸೆಕೆಂಡ್.

ಹೊಳಲ್ಕೆರೆ_ಮಾಳಿಗೆ:
ಅಯ್ಯೋ, ನಮ್ಮದು 151. ಹಾಗಾದರೆ ಅವನು ಹೇಳಿದ್ದು ಸರಿನಾ?

ಸಿಗ್ನಲ್_ಸಿದ್ದ:
ತಡೀರಿ, ಅಲ್ಲೇ ಇರುವುದು ಮಜಾ. ಈ ಡಬ್ಬಿಗಳು ಹೆಚ್ಚಾಗಿ 54 ಕಿಲೋಹರ್ಟ್ಸ್‌ನವು. ಒಂದು ಅಲೆ ಮುಗಿಯಲು 18.5 ಮೈಕ್ರೋಸೆಕೆಂಡ್ ಬೇಕು. ಡಬ್ಬಿ ಏನು ಮಾಡುತ್ತದೆ? ಬಂದ ಸಿಗ್ನಲ್ ಒಂದು ಮಟ್ಟ ದಾಟಿದ ಕೂಡಲೇ ಗಡಿಯಾರ ನಿಲ್ಲಿಸುತ್ತದೆ. ಪ್ರೋಬ್ ಸರಿಯಾಗಿ ಕೂತಿಲ್ಲ, ನಡುವೆ ಗಾಳಿ ಇದೆ, ಮೇಲೆ ಪೇಂಟ್ ಎದ್ದಿದೆ ಎಂದುಕೊಳ್ಳಿ. ಮೊದಲ ಅಲೆ ಸೊರಗಿ ಬರುತ್ತದೆ, ಮಟ್ಟ ದಾಟುವುದಿಲ್ಲ. ಎರಡನೇ ಅಲೆ ದಾಟುತ್ತದೆ. 133 ಕ್ಕೆ 18.5 ಸೇರಿಸಿ ನೋಡಿ: 151.5!

ಅಂದರೆ ಅಂಗೈಯಷ್ಟು ಅಗಲದ ಪೊಳ್ಳಿದ್ದರೂ 150, ಪ್ರೋಬ್ ಸರಿಯಾಗಿ ಒತ್ತದಿದ್ದರೂ 150. ಒಂದೇ ಒಂದು ಸಂಖ್ಯೆ ನೋಡಿ ಯಾವುದು ಎಂದು ಯಾರಿಂದಲೂ ಹೇಳಲು ಆಗುವುದಿಲ್ಲ. ಅವನು ಗ್ರೀಸೋ ಜೆಲ್ಲೋ ಹಚ್ಚಿದ್ದನಾ?

ಹೊಳಲ್ಕೆರೆ_ಮಾಳಿಗೆ:
ಏನೂ ಹಚ್ಚಲಿಲ್ಲ. ಕಂಬಕ್ಕೆ ಹಸಿರು ಆಯಿಲ್ ಪೇಂಟ್ ಇದೆ, ಅದರ ಮೇಲೇ ಒತ್ತಿದ. ಒಂದೇ ಸಲ. ಎದೆ ಎತ್ತರದಲ್ಲಿ.

ಬಾಚಿ_ಉಳಿ:
ಗೆದ್ದಲು ಬುಡದಲ್ಲಿ, ಪರೀಕ್ಷೆ ಎದೆ ಎತ್ತರದಲ್ಲಿ! ಬಗ್ಗೋಕೂ ಸೋಮಾರಿತನ.

ದುರ್ಗದ_ಗಾಳಿ:
ಇದೆಲ್ಲ ಲ್ಯಾಬಿನ ಕಥೆ. ಗೆದ್ದಲು ಔಷಧಿಯವರು ಭಯ ಹುಟ್ಟಿಸುವುದೇ ವ್ಯಾಪಾರ. ನಮ್ಮ ಚಿತ್ರದುರ್ಗದ ಮನೆಗೂ ಬಂದಿದ್ದರು, ಬಾಗಿಲ ಚೌಕಟ್ಟಿಗೆ ಪ್ರೋಬ್ ಇಟ್ಟು "ಹೋಗಿದೆ" ಎಂದರು. ಅದು ಬಂಡೆಯಂತಿದೆ ಇವತ್ತಿಗೂ. ಮರಕ್ಕೆ ಅಲ್ಟ್ರಾಸೌಂಡ್ ಅನ್ನುವುದೇ ಮೋಸ.

ಕಾಂಕ್ರೀಟ್_ಕಾಕಾ:
ಗಾಳಿಯವರೇ, ಬಳಸಿದವನು ಮೋಸ ಮಾಡಿದ ಎಂದು ವಿಧಾನ ಮೋಸ ಆಗುವುದಿಲ್ಲ. ನಾನು ಸಿವಿಲ್ ಇಂಜಿನಿಯರ್. ಕಾಂಕ್ರೀಟಿಗೆ ಇದೇ ಡಬ್ಬಿ ದಿನವೂ ಬಳಸುತ್ತೇವೆ, ಅದಕ್ಕೆ ಐಎಸ್ 13311 ಒಂದನೇ ಭಾಗ ಎಂದು 1992 ರಿಂದ ನಿಯಮವೇ ಇತ್ತು. ಅದರಲ್ಲಿ ಒಂದು ಪಟ್ಟಿ: ಸೆಕೆಂಡಿಗೆ 4.5 ಕಿಲೋಮೀಟರ್ ಮೇಲಿದ್ದರೆ ಉತ್ತಮ, 3.5 ರಿಂದ 4.5 ಚೆನ್ನ, 3 ರಿಂದ 3.5 ಸಾಧಾರಣ, 3 ಕ್ಕಿಂತ ಕಡಿಮೆ ಆದರೆ ಅನುಮಾನ.

ಈಗ ಇದೇ ಪಟ್ಟಿಯನ್ನು ಮರದ ಅಡ್ಡಕ್ಕೆ ಹಾಕಿ ನೋಡಿ. ಎಂಥಾ ಗಟ್ಟಿ ತೇಗವೂ 1.5 ಕಿಲೋಮೀಟರ್ ಕೊಡುತ್ತದೆ, ಹೊಚ್ಚ ಹೊಸ ಮರವೂ "ಅನುಮಾನ" ಆಗಿಬಿಡುತ್ತದೆ. ಒಬ್ಬ ಕನ್ಸಲ್ಟೆಂಟ್ ಒಂದು ಹಳೇ ಕಟ್ಟಡದ ಮರದ ತೊಲೆಗೆಲ್ಲ ಹೀಗೇ ರಿಪೋರ್ಟ್ ಬರೆದದ್ದನ್ನು ನಾನೇ ನೋಡಿದ್ದೇನೆ. ಗಾಳಿಯವರ ಚೌಕಟ್ಟಿಗೂ ಅದೇ ಗತಿ ಆಗಿರಬಹುದು.

ದುರ್ಗದ_ಗಾಳಿ:
ಹಾಗಾದರೆ ಮರಕ್ಕೆ ಪಟ್ಟಿ ಎಲ್ಲಿ?

ಕಾಂಕ್ರೀಟ್_ಕಾಕಾ:
ಒಂದೇ ಪಟ್ಟಿ ಎಲ್ಲ ಮರಕ್ಕೂ ನಡೆಯುವುದಿಲ್ಲ. ಜಾತಿ ಬೇರೆ, ತೇವ ಬೇರೆ, ಎಳೆಯ ದಿಕ್ಕು ಬೇರೆ. ಅದಕ್ಕೇ ಮರವನ್ನು ಅದೇ ಮರದ ಗಟ್ಟಿ ಭಾಗದ ಜೊತೆ ಹೋಲಿಸಬೇಕು. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಅರಣ್ಯ ಉತ್ಪನ್ನ ಪ್ರಯೋಗಾಲಯದ ಕೈಪಿಡಿಗಳಲ್ಲಿ ಒಂದು ಒರಟು ಲೆಕ್ಕ ಇದೆ. ಗಟ್ಟಿ ಜಾಗಕ್ಕಿಂತ ಸಮಯ 30 ಶೇಕಡಾ ಜಾಸ್ತಿ ಆದರೆ ಬಲ ಅರ್ಧಕ್ಕೆ ಇಳಿದಿದೆ ಎಂದುಕೊಳ್ಳಬಹುದು, 50 ಶೇಕಡಾ ಜಾಸ್ತಿ ಆದರೆ ಚೆನ್ನಾಗಿ ಕೊಳೆತಿದೆ. 151 ಅಂದರೆ 13-14 ಶೇಕಡಾ. ಅಷ್ಟು ವ್ಯತ್ಯಾಸ ಗಟ್ಟಿ ಮರದಲ್ಲೇ ಬರುತ್ತದೆ. ತಿರುಳಿನಿಂದ ತೊಗಟೆಯ ಕಡೆಗೆ ಅಳೆದರೆ ಒಂದು ವೇಗ, ಬೆಳವಣಿಗೆಯ ಉಂಗುರಗಳ ಗುಂಟ ಅಳೆದರೆ ಅದಕ್ಕಿಂತ ನಿಧಾನ.

ರಾತ್ರಿ_ಪಾಳಿ_ಸಿಸ್ಟರ್:
ಸುಮ್ನೆ ಕುತೂಹಲ. ಆಸ್ಪತ್ರೆಯ ಸ್ಕ್ಯಾನಿಂಗ್ ಮೆಷಿನ್‌ನಲ್ಲಿ ನೋಡಿದರೆ ಚಿತ್ರವೇ ಕಾಣುತ್ತದಲ್ವಾ? ಸಂಖ್ಯೆ ಯಾಕೆ ಬೇಕು?

ಸಿಗ್ನಲ್_ಸಿದ್ದ:
ಅಕ್ಕ, ಆಸ್ಪತ್ರೆಯದು 2 ರಿಂದ 10 ಮೆಗಾಹರ್ಟ್ಸ್ ಮೇಲೆ ನಡೆಯುತ್ತದೆ. ಮೈಯಲ್ಲಿ ನೀರು ಜಾಸ್ತಿ, ಅದು ದಾಟುತ್ತದೆ. ಮರದ ತುಂಬ ಎಳೆ, ನಾಳ, ಗಾಳಿ. ಅಷ್ಟು ಎತ್ತರದ ಸದ್ದನ್ನು ಮರ ಸ್ವಲ್ಪದರಲ್ಲೇ ನುಂಗಿಬಿಡುತ್ತದೆ. ಅದಕ್ಕೇ 20 ರಿಂದ 100 ಕಿಲೋಹರ್ಟ್ಸ್‌ಗೆ ಇಳಿಯಬೇಕು. ಇಳಿದರೆ ಬೇರೆ ತೊಂದರೆ: 54 ಕಿಲೋಹರ್ಟ್ಸ್‌ನಲ್ಲಿ ಮರದ ಅಡ್ಡಕ್ಕೆ ಒಂದು ಅಲೆಯ ಉದ್ದವೇ ಹತ್ತಿರ ಹತ್ತಿರ 3 ಸೆಂಟಿಮೀಟರ್. ಕುಟ್ಟೆ ಹುಳದ ಎರಡು ಮಿಲಿಮೀಟರ್ ತೂತು ಒಂದೊಂದಾಗಿ ಅದಕ್ಕೆ ಕಾಣುವುದೇ ಇಲ್ಲ.

ಇನ್ನೊಂದು, ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಆ ಮೆಷಿನ್ ನೋಂದಣಿ ಆದ ಜಾಗ ಬಿಟ್ಟು ಸುಮ್ನೆ ಎಲ್ಲೆಲ್ಲಿಗೋ ಒಯ್ಯುವಂತಿಲ್ಲ. ಕಂಬಕ್ಕೆ ರಿಯಾಯಿತಿ ಇಲ್ಲ.

ಮಿರ್ಚಿ_ಮಂಡಕ್ಕಿ:
ನಾನು ಮೊದಲೇ ಹೇಳಲಿಲ್ವಾ, ಒಳಗೆ ಹಾಕುತ್ತಾರೆ ಅಂತ.

ಡಿಪ್ಲೊಮಾ_ಹುಡುಗ:
ನನ್ನ ಹತ್ತಿರ ರೋಬೋಟಿಗೆ ಹಾಕುವ 40 ಕಿಲೋಹರ್ಟ್ಸ್ ಸೆನ್ಸರ್ ಇದೆ, ಅಗ್ಗದ್ದು. ಕಂಬದ ಎದುರು ಹಿಡಿದರೆ ಆಗಲ್ವಾ? ಇಲ್ಲಾಂದ್ರೆ ಮೊಬೈಲ್ ಮೈಕ್?

ಸಿಗ್ನಲ್_ಸಿದ್ದ:
ಆಗಲ್ಲ ತಮ್ಮಾ. ಅದು ಗಾಳಿಯಲ್ಲಿ ಸದ್ದು ಬಿಡುತ್ತದೆ. ಗಾಳಿಯಿಂದ ಮರಕ್ಕೆ ದಾಟುವಾಗ ಸಾವಿರದಲ್ಲಿ ಎರಡು ಪಾಲು ಶಕ್ತಿಯೂ ಒಳಗೆ ಹೋಗುವುದಿಲ್ಲ, ಉಳಿದದ್ದೆಲ್ಲ ವಾಪಸ್. ಗ್ರೀಸ್ ಹಚ್ಚುವುದು ಅದಕ್ಕೇ, ನಡುವಿನ ಗಾಳಿ ತೆಗೆಯಲು. ಮೊಬೈಲ್ ಸೆಕೆಂಡಿಗೆ 48,000 ಸಲ ಮಾತ್ರ ಮಾದರಿ ತೆಗೆಯುತ್ತದೆ, ಹಾಗಾಗಿ 24 ಕಿಲೋಹರ್ಟ್ಸ್ ಮೇಲಿನದ್ದು ಅದಕ್ಕೆ ಸಿಗುವುದಿಲ್ಲ. ಈ ಕೆಲಸಕ್ಕೆ ಸೆಕೆಂಡಿಗೆ ಹತ್ತು ಲಕ್ಷ ಮಾದರಿಯಾದರೂ ಬೇಕು, ಆಗ ಒಂದು ಮೈಕ್ರೋಸೆಕೆಂಡ್ ಲೆಕ್ಕ ಸಿಗುತ್ತದೆ.

ಹೊಸದುರ್ಗ_ತೆಂಗು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ತೆಂಗಿನ ಮರದಲ್ಲಿ ಕೆಂಪು ಮೂತಿ ಹುಳ ಇದೆಯಾ ಎಂದು ಇದರಲ್ಲಿ ನೋಡಬಹುದಾ? ಸುಳಿ ಬಾಗಿದ ಮೇಲೆ ಗೊತ್ತಾಗಿ ಏನು ಪ್ರಯೋಜನ.

ಸಿಗ್ನಲ್_ಸಿದ್ದ:
ಅಲ್ಲಿ ದಾರಿ ಬೇರೆ. ನಾವು ಸದ್ದು ಬಿಡುವುದಿಲ್ಲ, ಹುಳ ಕಡಿಯುವ ಸದ್ದನ್ನೇ ಕೇಳುತ್ತೇವೆ. ಮರಕ್ಕೆ ಸೆನ್ಸರ್ ಚುಚ್ಚಿ, ಗಾಳಿ, ಹಕ್ಕಿ, ಪಂಪ್‌ಸೆಟ್ ಸದ್ದೆಲ್ಲ ಸೋಸಿ, ಕಟಕಟ ಎನ್ನುವುದನ್ನು ಹೆಕ್ಕಬೇಕು. ಸಂಶೋಧನೆ ಬೇಕಾದಷ್ಟು ನಡೆದಿದೆ. ಗೆದ್ದಲು ಮರ ಕಡಿಯುವಾಗಲೂ ಅಲ್ಟ್ರಾಸೌಂಡ್ ಮಟ್ಟದ ಸಣ್ಣ ಸಿಡಿತ ಬರುತ್ತದೆ. ಆದರೆ ನಾವು ಸದ್ದು ಬಿಟ್ಟು ಅಳೆಯುವ ವಿಧಾನ ತೆಂಗಿಗೆ ಹಾಕಿದರೆ ದಾರಿ ತಪ್ಪಿಸುತ್ತದೆ. ತೆಂಗಿನ ಕಾಂಡ ಹುಟ್ಟಿನಿಂದಲೇ ಹೊರಗೆ ಗಟ್ಟಿ, ಒಳಗೆ ಮೆತ್ತಗೆ.

ಚನ್ನಗಿರಿ_ಅಡಿಕೆ:
ಅಡಿಕೆ ಮರದ್ದೂ ಅದೇ ಕಥೆ. ಹೊರಗಿನ ದಬ್ಬೆ ಕಬ್ಬಿಣ, ಒಳಗೆ ಬೆಂಡು. ಅಂದಹಾಗೆ ಹೊಸದುರ್ಗದವರೇ, ಕೊಬ್ಬರಿ ರೇಟು ಈಗ ಹೇಗಿದೆ?

ಕಾಂಕ್ರೀಟ್_ಕಾಕಾ:
ರೇಟು ಬೇರೆ ಕಡೆ ಮಾತಾಡಿ ಸ್ವಾಮಿ. ಕಂಬಕ್ಕೆ ಬರೋಣ. ಪೊಳ್ಳು ಇದೆ ಎಂದೇ ಇಟ್ಟುಕೊಳ್ಳಿ. 20 ಸೆಂಟಿಮೀಟರ್ ಚೌಕದ ನಟ್ಟನಡುವೆ 10 ಸೆಂಟಿಮೀಟರ್ ದುಂಡು ತೂತು. ಮರದ ಅಡ್ಡಕೊಯ್ತದಲ್ಲಿ ಹೋದದ್ದು 20 ಶೇಕಡಾ. ಬಾಗುವುದನ್ನು ತಡೆಯುವ ಬಿಗಿಯಲ್ಲಿ ಹೋದದ್ದು 4 ಶೇಕಡಾ ಕೂಡ ಇಲ್ಲ! ಯಾಕೆಂದರೆ ಬಾಗುವಾಗ ದುಡಿಯುವುದು ಹೊರಗಿನ ಮರ. ಹಾಗಾಗಿ "ಒಳಗೆ ಖಾಲಿ" ಎಂದ ಮಾತ್ರಕ್ಕೆ ಕಂಬ ಕಿತ್ತೆಸೆಯಬೇಕು ಎಂದೇನೂ ಇಲ್ಲ. ಹೊರಗೆ ಎಷ್ಟು ದಪ್ಪ ಉಳಿದಿದೆ ಎಂದು ಕೇಳಿ.

ಬಾಚಿ_ಉಳಿ:
ಕಾಕಾ, ನಿಮ್ಮ ಲೆಕ್ಕ ಪುಸ್ತಕದಲ್ಲಿ ಚೆನ್ನಾಗಿದೆ. ಗೆದ್ದಲು ಕೈವಾರ ಹಿಡಿದು ನಡುವೆ ದುಂಡಗೆ ತಿನ್ನುತ್ತದಾ? ಬುಡದಲ್ಲಿ ಒಂದು ಮಗ್ಗುಲಿಂದ ಹತ್ತುತ್ತದೆ, ಮೆತ್ತಗಿನ ಬಿಳಿ ಮರ ತಿಂದು ಚೇಗು ಬಿಡುತ್ತದೆ. ತೇಗದ ಚೇಗನ್ನು ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ. ಆದರೆ ನೀರು ಕುಡಿದು ಲಡ್ಡು ಹಿಡಿದರೆ ಅದನ್ನೂ ಬಿಡುವುದಿಲ್ಲ. ಹೊರಗಿನ ಮರವೇ ಹೋಗಿದ್ದರೆ ನಿಮ್ಮ 4 ಶೇಕಡಾ ಎಲ್ಲಿ ನಿಲ್ಲುತ್ತದೆ?

ಕಾಂಕ್ರೀಟ್_ಕಾಕಾ:
ಒಪ್ಪಿದೆ. ಅದಕ್ಕೇ ಎಲ್ಲಿ ಹೋಗಿದೆ ಎಂಬ ನಕ್ಷೆ ಬೇಕು ಎನ್ನುತ್ತಿರುವುದು. ಎದೆ ಎತ್ತರದ ಒಂದು ಸಂಖ್ಯೆಯಿಂದ ನಕ್ಷೆ ಬರುವುದಿಲ್ಲ.

ಹೊಳಲ್ಕೆರೆ_ಮಾಳಿಗೆ:
ಸರಿ, ನಾವೇ ಸರಿಯಾಗಿ ಅಳೆಸಬೇಕು ಅಂದರೆ ಏನು ಮಾಡಬೇಕು? ತಮ್ಮನಿಗೆ ತೋರಿಸಲು ಕಾಗದದ ಮೇಲೆ ಏನಾದರೂ ಬೇಕು.

ಸಿಗ್ನಲ್_ಸಿದ್ದ:
ನಮ್ಮ ಗೈಡ್ ಒಪ್ಪಿದರೆ ಎರಡನೇ ಶನಿವಾರ ಉಪಕರಣ ತರುತ್ತೇವೆ. ನಮಗೂ ನಿಜವಾದ ಹಳೇ ಮರ ಬೇಕಿದೆ. ನೀವು ಮಾಡಬೇಕಾದ್ದು ಇಷ್ಟೇ. ನಾಲ್ಕೂ ಕಂಬಕ್ಕೆ ನೆಲದಿಂದ ಮೇಲಕ್ಕೆ ಅರ್ಧ ಅಡಿಗೊಂದು ಗುರುತು ಹಾಕಿ, ಎರಡೂ ದಿಕ್ಕಿಗೆ. ಗುರುತಿನ ಜಾಗದಲ್ಲಿ ರೂಪಾಯಿ ಅಗಲದಷ್ಟು ಪೇಂಟ್ ಕೆರೆದು ಮರ ಕಾಣುವ ಹಾಗೆ ಮಾಡಿ.

ನಾವು ಡಬ್ಬಿಯ ಸಂಖ್ಯೆ ನಂಬುವುದಿಲ್ಲ, ಇಡೀ ಅಲೆಯನ್ನೇ ಲ್ಯಾಪ್‌ಟಾಪಿಗೆ ತೆಗೆದುಕೊಳ್ಳುತ್ತೇವೆ. ಒಂದೇ ಜಾಗದಲ್ಲಿ 64 ಮಿಡಿತ ಬಿಟ್ಟು ಸರಾಸರಿ ತೆಗೆದರೆ ಗದ್ದಲ 8 ಪಟ್ಟು ಇಳಿಯುತ್ತದೆ. ಬೇಡದ ಆವರ್ತನ ಸೋಸುತ್ತೇವೆ. ಮೊದಲ ಅಲೆ ಎಲ್ಲಿ ಶುರುವಾಯಿತು ಎಂದು ಹುಡುಕಲು ಎಐಸಿ ಎಂಬ ಲೆಕ್ಕ ಇದೆ. ಭೂಕಂಪದ ದಾಖಲೆಯಲ್ಲೂ ಅದನ್ನೇ ಬಳಸುತ್ತಾರೆ. ಬರೀ ಗದ್ದಲ ಎಲ್ಲಿಗೆ ಮುಗಿಯಿತು, ಸಿಗ್ನಲ್ ಎಲ್ಲಿಂದ ಶುರು ಎಂದು ಅಂಕಿಗಳ ಏರಿಳಿತ ನೋಡಿ ಗೆರೆ ಎಳೆಯುತ್ತದೆ. ಹಾಗಾಗಿ ಒಂದು ಅಲೆ ಜಾರಿಹೋಗುವ ತೊಂದರೆ ಬಹಳ ಕಡಿಮೆ.

ಆಮೇಲೆ ಎಫ್‌ಎಫ್‌ಟಿ ಹಾಕಿ ಯಾವ ಆವರ್ತನ ಎಷ್ಟು ಉಳಿದು ಬಂತು ನೋಡುತ್ತೇವೆ. ಕೊಳೆತ ಮರ ಮೇಲಿನ ಆವರ್ತನಗಳನ್ನು ಮೊದಲು ತಿನ್ನುತ್ತದೆ. ಎಷ್ಟೋ ಸಲ ಸಮಯ ಇನ್ನೂ ಸರಿ ಇರುವಾಗಲೇ ಸಿಗ್ನಲ್ ಕುಗ್ಗಿರುತ್ತದೆ.

ದುರ್ಗದ_ಗಾಳಿ:
ಬಿರುಕು ಇದ್ದರೆ? ಹಳೇ ಕಂಬದಲ್ಲಿ ಉದ್ದಕ್ಕೆ ಸೀಳು ಇರುವುದು ಮಾಮೂಲು. ಅದೂ ಸದ್ದನ್ನು ತಡೆಯುತ್ತದೆ ಅಲ್ವಾ? ನಿಮ್ಮ ಎಐಸಿ ಸೀಳಿಗೂ ಲಡ್ಡಿಗೂ ವ್ಯತ್ಯಾಸ ಹೇಳುತ್ತದಾ?

ಸಿಗ್ನಲ್_ಸಿದ್ದ:
ಒಳ್ಳೆ ಪ್ರಶ್ನೆ. ಅದೊಂದರಿಂದ ಹೇಳಲು ಆಗುವುದಿಲ್ಲ. ಎರಡು ದಿಕ್ಕಿಗೂ ಅಳೆಯುವುದು ಅದಕ್ಕೇ. ಒಂದೇ ಸೀಳಾದರೆ ಅದಕ್ಕೆ ಅಡ್ಡ ಹೋದ ಸದ್ದು ತಡವಾಗುತ್ತದೆ, ಅದರ ಗುಂಟ ಹೋದದ್ದು ಸರಿಯಾಗೇ ಬರುತ್ತದೆ. ಲಡ್ಡಾದರೆ ಎರಡೂ ತಡ. ಆಮೇಲೂ ಅನುಮಾನ ಇದ್ದರೆ ಉಳಿ ಅಣ್ಣನ ಬೈರಿಗೆ.

ಬಾಚಿ_ಉಳಿ:
ಕೊನೆಗೂ ಬೈರಿಗೆಗೇ ಬಂದ್ರಿ!

ಸಿಗ್ನಲ್_ಸಿದ್ದ:
ಬಂದೆವು. ಆದರೆ ಇಡೀ ಕಂಬ ಜರಡಿ ಮಾಡದೆ, ಎಲ್ಲಿ ಚುಚ್ಚಬೇಕೋ ಅಲ್ಲಿ ಮಾತ್ರ. ಸೂಜಿಯಂಥ ತೆಳು ಡ್ರಿಲ್ ಹಾಕಿ, ಅದು ಎಷ್ಟು ಬಿಗಿಯಾಗಿ ಹೋಗುತ್ತದೆ ಎಂದು ಗ್ರಾಫ್ ಬರೆಯುವ ಯಂತ್ರವೂ ಇದೆ, ರೆಸಿಸ್ಟೋಗ್ರಾಫ್. ನಿಮ್ಮ ಬೈರಿಗೆಯದೇ ಓದಿದ ಮೊಮ್ಮಗ.

ಕಾಂಕ್ರೀಟ್_ಕಾಕಾ:
ತೇವ ಮರೆಯಬೇಡಿ. ಒದ್ದೆ ಮರದಲ್ಲಿ ಸದ್ದು ನಿಧಾನ. ತೇವ 28-30 ಶೇಕಡಾ ಮುಟ್ಟುವವರೆಗೂ ವೇಗ ಇಳಿಯುತ್ತಾ ಹೋಗುತ್ತದೆ. ಎರಡು ಮುಳ್ಳಿನ ತೇವ ಮಾಪಕ ಜೊತೆಗಿರಲಿ. 20 ಶೇಕಡಾ ದಾಟಿದ್ದರೆ ಶಿಲೀಂಧ್ರಕ್ಕೆ ದಾರಿ ಸಿಕ್ಕಿತು ಎಂದೇ ಅರ್ಥ. ಮರ ಯಾವ ಜಾತಿ ಎಂದು ಖಾತ್ರಿ ಬೇಕಿದ್ದರೆ ಬೆಂಗಳೂರು ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಅಲ್ಲಿ ವಿಚಾರಿಸಿ.

ಹೊಳಲ್ಕೆರೆ_ಮಾಳಿಗೆ:
ಅಪ್‌ಡೇಟ್. ಹುಡುಗರು ಬಂದು ಹೋದರು. ಸಂಜೆವರೆಗೂ ಅಳೆದರು. ದೊಡ್ಡಪ್ಪನೇ ಟಾರ್ಚ್ ಹಿಡಿದು ನಿಂತಿದ್ದರು, ಒಂದೊಂದು ಸಂಖ್ಯೆಗೂ "ಇದು ಹೇಗೆ, ಇದು ಹೇಗೆ" ಎಂದು ಕೇಳುತ್ತಾ.

ಗಟ್ಟಿ ಇರುವ ಮೂರು ಕಂಬದಲ್ಲಿ 126 ರಿಂದ 141 ರವರೆಗೆ ಬಂತು, ದಿಕ್ಕಿನ ಮೇಲೆ ಹೆಚ್ಚು ಕಡಿಮೆ. ಅನುಮಾನದ ಕಂಬದಲ್ಲಿ ಎದೆ ಎತ್ತರದಲ್ಲಿ 134. ಅವನು 151 ಎಂದ ಅದೇ ಜಾಗ! ಎರಡು ಅಡಿ ಎತ್ತರದಲ್ಲಿ 138. ಒಂದು ಅಡಿಯಲ್ಲಿ 149. ಅರ್ಧ ಅಡಿಯಲ್ಲಿ ಒಂದು ದಿಕ್ಕಿಗೆ 207, ಇನ್ನೊಂದು ದಿಕ್ಕಿಗೆ ಸಿಗ್ನಲ್ಲೇ ಸಿಗಲಿಲ್ಲ. ತೇವ ಅಲ್ಲಿ 24 ಶೇಕಡಾ, ಮೇಲೆ 11. ಬೈರಿಗೆ ಹಾಕಿದರೆ ಬೆರಳುದ್ದ ಹಾಗೇ ಒಳಗೆ ಹೋಯಿತು, ಪುಡಿ ಕಪ್ಪಗೆ.

ಕಾಂಕ್ರೀಟ್_ಕಾಕಾ:
207 ಅಂದರೆ 50 ಶೇಕಡಾ ದಾಟಿತು. ಬುಡ ಹೋಗಿದೆ, ಮೇಲೆ ಸರಿ ಇದೆ. ಒಂದು ಅಡಿಯ 149 ನಡುವಿನದು, ಅದನ್ನೂ ಹೋದದ್ದಕ್ಕೇ ಸೇರಿಸಿ.

ಬಾಚಿ_ಉಳಿ:
ಹಾಗಾದರೆ ಕಂಬ ತೆಗೆಯುವುದು ಬೇಡವೇ ಬೇಡ. ತೊಲೆಗೆ ಎರಡೂ ಕಡೆ ಜಾಕ್ ಕೊಟ್ಟು ಭಾರ ಎತ್ತಿ ಹಿಡಿಯಿರಿ. ಬುಡದಿಂದ ಒಂದೂವರೆ ಅಡಿ ಕತ್ತರಿಸಿ, ಅಷ್ಟು ಎತ್ತರದ ಕಲ್ಲಿನ ಪೀಠ ಕೂರಿಸಿ. ಕಂಬ ಮತ್ತೆ ನೆಲದ ನೀರು ಮುಟ್ಟುವುದೂ ತಪ್ಪುತ್ತದೆ. ಕಲ್ಲಿಗೂ ಮರಕ್ಕೂ ನಡುವೆ ಸೀಸದ ತಗಡು ಹಾಕಿಸಿ. ಆದರೆ ಜಾಕ್ ಕೊಡುವ ಮೊದಲು ತೊಲೆ ನೋಡಿದ್ರಾ? ಸೋರಿದ್ದು ಮಾಳಿಗೆ. ನೀರು ಇಳಿದದ್ದು ಗೋಡೆಗೆ. ಗೋಡೆಯೊಳಗೆ ಹೋದ ತೊಲೆಯ ತುದಿ ಹೇಗಿದೆ?

ಹೊಳಲ್ಕೆರೆ_ಮಾಳಿಗೆ:
ಗೋಡೆಯ ಹೊರಗಿನವರೆಗೆ ಅಳೆದರು, ಸರಿ ಇದೆ. ಒಳಗಿನ ತುದಿಗೆ ಪ್ರೋಬ್ ಹೋಗಲಿಲ್ಲ.

ಸಿಗ್ನಲ್_ಸಿದ್ದ:
ಎರಡೂ ಪ್ರೋಬ್ ಹೊರಗೇ ಇಟ್ಟು, ತುದಿಗೆ ಬಡಿದು ಬರುವ ಪ್ರತಿಧ್ವನಿ ಹಿಡಿಯಲು ನೋಡಬಹುದು. ಗೋಡೆಯೊಳಗೆ ಅರ್ಧ ಮೀಟರ್ ಇದ್ದರೆ ಹೋಗಿ ಬರಲು ಒಂದು ಮೀಟರ್, ಎಳೆಯ ಉದ್ದಕ್ಕೆ 4500 ಎಂದರೆ 222 ಮೈಕ್ರೋಸೆಕೆಂಡ್ ಹತ್ತಿರ ಒಂದು ಗುಬುಟು ಕಾಣಬೇಕು. ಅದಕ್ಕೂ ಮುಂಚೆ ಬಂದರೆ ತುದಿ ಹೋಗಿದೆ ಎಂದರ್ಥ.

ಕಾಂಕ್ರೀಟ್_ಕಾಕಾ:
ಆ ಹೊತ್ತಿಗೆ ತೊಲೆಯ ಮೇಲು, ಕೆಳಗು, ಮಗ್ಗುಲಿಂದ ಬಡಿದು ಬಂದ ಹತ್ತು ಪ್ರತಿಧ್ವನಿ ಸೇರಿಕೊಂಡಿರುತ್ತವೆ. ಅದರಲ್ಲಿ ತುದಿಯದು ಯಾವುದು ಎಂದು ಹೇಗೆ ಆರಿಸುತ್ತೀಯಪ್ಪಾ?

ಸಿಗ್ನಲ್_ಸಿದ್ದ:
ಗಟ್ಟಿ ಇರುವ ಇನ್ನೊಂದು ತೊಲೆಯ ಅಲೆ ಪಕ್ಕದಲ್ಲಿಟ್ಟು ಹೋಲಿಸಬಹುದು, ಸರ್. ಕಷ್ಟ ಇದೆ, ಆಗಲ್ಲ ಎಂದಲ್ಲ.

ಬಾಚಿ_ಉಳಿ:
ಹುಡುಗರು ಹೋಲಿಸುತ್ತಿರಲಿ. ಮಾಳಿಗೆಯವರೇ, ನಿಮ್ಮದು ಮಣ್ಣಿನ ಗೋಡೆ ತಾನೆ? ತೊಲೆಯ ಪಕ್ಕ ಒಂದು ಗೇಣು ಮಣ್ಣು ಕೆರೆದು ಕಣ್ಣಲ್ಲೇ ನೋಡಿ, ಆಮೇಲೆ ಮೆತ್ತಿದರಾಯಿತು. ತುದಿ ಲಡ್ಡಾಗಿದ್ದರೆ ಗೋಡೆಗೆ ಒತ್ತಿ ಒಂದು ಕಲ್ಲಿನ ಕಂಬ ಕೊಡಬೇಕು. ಜಾಕ್ ಅದಾದ ಮೇಲೆ.

ಹಳೇ_ಸಾಮಾನು_ದಾವಣಗೆರೆ:
ಕೆಡವುವುದೇ ಆದರೆ ಮೊದಲು ನನಗೆ ಹೇಳಿ ಸರ್. ತೇಗದ ಕಂಬಕ್ಕೆ ಒಳ್ಳೆ ರೇಟು ಕೊಡುತ್ತೇನೆ, ಬುಡ ಹೋಗಿದ್ದರೂ ನಡೆಯುತ್ತದೆ.

ಹೊಳಲ್ಕೆರೆ_ಮಾಳಿಗೆ:
ದೊಡ್ಡಪ್ಪ ಪಕ್ಕದಲ್ಲೇ ಕೂತು ಇದನ್ನೆಲ್ಲ ಓದಿಸಿಕೊಳ್ಳುತ್ತಿದ್ದಾರೆ. ನಿಮಗೆ ಏನು ಹೇಳಿದರು ಎಂದು ಇಲ್ಲಿ ಬರೆಯುವ ಹಾಗಿಲ್ಲ. ಉಳಿ ಅಣ್ಣ, ಕಲ್ಲಿನ ಪೀಠ ಹೊಳಲ್ಕೆರೆಯಲ್ಲೇ ಸಿಗುತ್ತದಾ ಅಥವಾ ಚಿತ್ರದುರ್ಗಕ್ಕೆ ಹೋಗಬೇಕಾ?